ಕಸದ ಗಾಡಿ ಬಾರದ ಕುದ್ರುವಿನಲ್ಲಿ

ಉಡುಪಿ ಕಡೆಯ ಕೆಮ್ಮಣ್ಣು ತೂಗುಸೇತುವೆಯ ರೀಲ್ಸ್ ನೀವೂ ನೋಡಿರ್ತೀರಿ. ಕೆಳಗೆ ಸುವರ್ಣಾ ನದಿ, ಆಚೆ ತುದಿಯಲ್ಲಿ ತಿಮ್ಮಣ್ಣಕುದ್ರು. ಕುದ್ರು ಅಂದ್ರೆ ಹೊಳೆ ನಡುವಿನ ದ್ವೀಪ. ಸೀತಾ, ಸುವರ್ಣಾ ನದಿಗಳು ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರುವ ಮೊದಲು ಇಂಥ ಹಲವು ಕುದ್ರುಗಳನ್ನು ಬಳಸಿಕೊಂಡು ಹೋಗುತ್ತವೆ. ಕಳೆದ ಡಿಸೆಂಬರಿನಲ್ಲಿ ನಾವು ಮೂವರು ಹೋಗಿದ್ದು ಸೇತುವೆಯೇ ಇಲ್ಲದ ಒಂದು ಪುಟ್ಟ ಕುದ್ರುವಿಗೆ. ಇಪ್ಪತ್ತು ಚಿಲ್ಲರೆ ಮನೆ, ಅಷ್ಟೇ.

ಅಲ್ಲಿಗೆ ದೋಣಿಯಲ್ಲಿ ಗ್ಯಾಸ್ ಸಿಲಿಂಡರ್ ಬರುತ್ತೆ, ಅಕ್ಕಿ ಮೂಟೆ ಬರುತ್ತೆ, ಮದುವೆಗೆ ಶಾಮಿಯಾನವೂ ಬರುತ್ತೆ. ಕಸದ ಗಾಡಿ ಮಾತ್ರ ಬರಲ್ಲ. ಹಾಗಾಗಿ ಹಸಿ ಕಸ ಹೊಳೆಗೆ, ಒಣ ಕಸಕ್ಕೆ ಬೆಂಕಿ. ಹೊಳೆಗೆ ಎಸೆದದ್ದು ಇಳಿತದಲ್ಲಿ ಹೋಗಿ ಉಬ್ಬರದಲ್ಲಿ ವಾಪಸ್ ಅಂಗಳದ ಬದಿಗೇ ಬರ್ತಿತ್ತಂತೆ!

ಸ್ವಸಹಾಯ ಸಂಘದ ಹೆಂಗಸರು ಮೊದಲು ಎಲ್ಲರಂತೆ ಗುಂಡಿ ತೋಡಿದರು. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ಅಗೆದರೂ ನೀರು. ಗಾಳಿಯಾಡದೆ ಕಸ ನಾರಿತು. ನಾತಕ್ಕಿಂತ ದೊಡ್ಡ ಭಯ ಬಾವಿಯದು. ಕುದ್ರುವಿನ ಸಿಹಿನೀರು ಅಂದ್ರೆ ಮರಳಲ್ಲಿ ಇಂಗಿದ ಮಳೆನೀರು. ಉಪ್ಪುನೀರಿಗಿಂತ ಹಗುರ, ಅದಕ್ಕೇ ಅದರ ಮೇಲೆ ತೆಳು ಪದರವಾಗಿ ನಿಂತಿರುತ್ತೆ. ಗುಂಡಿಯ ರಸ ಅದಕ್ಕಿಳಿದರೆ ಕುಡಿಯುವುದೇನು? “ಕಸ ಹೇಗೋ ಆಗ್ತದೆ, ಬಾವಿ ಹಾಳಾದ್ರೆ ಎಂತ ಮಾಡುದು ಮಾರಾಯ್ರೆ?” ಅಂದರು ಸಂಘದ ಅಕ್ಕ.

ಈಗ ಬಾವಿಗಳಿಂದ ದೂರ, ಎತ್ತರದ ಜಾಗದಲ್ಲಿ ಕೆಂಪುಕಲ್ಲಿನ ಕಟ್ಟೆ. ಅದಕ್ಕೆ ಸಿಮೆಂಟ್ ಗಾರೆ, ಮೇಲೆ ಬಾವಿಗೆ ಇಳಿಸುವಂಥ ರಿಂಗು ಮೂರು, ಬದಿಗೆ ತೂತು, ತಲೆಗೆ ತಗಡಿನ ಮಾಡು. ರಿಂಗನ್ನು ದೋಣಿಯಲ್ಲಿ ತಂದ ಕತೆ ಕೇಳೋಕೆ ಅರ್ಧ ಗಂಟೆ ಬೇಕು, ಬಿಡಿ.

ಒಂದು ಬಕೆಟ್ ಅಡುಗೆಮನೆ ಕಸಕ್ಕೆ ಎರಡು-ಮೂರು ಬಕೆಟ್ ಒಣದ್ದು: ತರಗೆಲೆ, ಕೊಚ್ಚಿದ ಸೋಗೆ, ತೆಂಗಿನ ನಾರಿನ ಹುಡಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ತೆಂಗಿನ ಸಿಪ್ಪೆ ಇಡಿಯಾಗಿ ಹಾಕುವಂತಿಲ್ಲ, ಅದು ಬೇಗ ಕೊಳೆಯಲ್ಲ. ಸೋಗೆಗೆ ಬೇರೆ ದಾರಿಯುಂಟು: ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆ ಅದನ್ನೇ ತಿಂದು ಗೊಬ್ಬರ ಮಾಡುವ ಎರೆಹುಳುವಿನ ವಿಧಾನ ಕಂಡುಕೊಂಡಿದೆ, ಸುಮಾರು ಮೂರು ತಿಂಗಳ ಕೆಲಸ. ಮೂರನೇ ರಿಂಗನ್ನು ಅದಕ್ಕೆಂದೇ ಖಾಲಿ ಇಟ್ಟಿದ್ದಾರೆ.

ದೊಡ್ಡ ಜಗಳ ನಡೆದದ್ದು ಮೀನಿನ ತಲೆ, ಕರುಳಿನ ಬಗ್ಗೆ. ನಾಯಿ ಬರ್ತದೆ, ಕಾಗೆ ಎಳೀತದೆ ಅಂತ ಅರ್ಧ ಊರು ಬೇಡ ಅಂದಿತು. ಮೀನು ಹಾಕಬೇಡಿ ಅನ್ನೋ ನಿಯಮ ಕರಾವಳಿಯಲ್ಲಿ ಎರಡು ದಿನವೂ ನಿಲ್ಲಲ್ಲ ಅಂತ ನನಗನ್ನಿಸುತ್ತೆ. ಕೊನೆಗೆ ತೀರ್ಮಾನ: ರಾಶಿಯ ನಡುವೆ ಹೂತು, ಮೇಲೆ ಒಂದಡಿ ನಾರಿನ ಹುಡಿ ಮುಚ್ಚಬೇಕು. ಒಣಮೀನು ಮಾತ್ರ ಬೇಡ, ಉಪ್ಪು.

ಆಮೇಲೆ ಪಾಲಿನ ಪ್ರಶ್ನೆ. ತೋಟ ದೊಡ್ಡದಿರುವವರು ಮರದ ಲೆಕ್ಕದಲ್ಲಿ ಗೊಬ್ಬರ ಕೇಳಿದರು. ಸಂಘ ಒಪ್ಪಲಿಲ್ಲ. ಕಂಬಕ್ಕೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಬಕೆಟ್ಟಿಗೊಂದು ಗೀಟು, ಗೀಟಿಗೆ ತಕ್ಕ ಪಾಲು. ಒಂದೇ ಒಂದು ತೆಂಗಿನ ಮರವಿಲ್ಲದ ಅಜ್ಜಿಯೊಬ್ಬರ ಹೆಸರಿನ ಮುಂದೆ ಎಲ್ಲರಿಗಿಂತ ಜಾಸ್ತಿ ಗೀಟು! ಅವರ ಪಾಲು ಪಕ್ಕದ ಮನೆಗೆ ಹೋಗುತ್ತೆ, ಬದಲಿಗೆ ತಿಂಗಳಿಗೆ ಐದು ತೆಂಗಿನಕಾಯಿ.

“ಅವ ನಾಲ್ಕು ಹೇಳಿದ. ಐದು ನಾನೇ ಮಾಡಿಸಿದ್ದು” ಅಂದರು ಅಜ್ಜಿ.