ಎತ್ತು ಅಡ್ಡ ಬಂತು ಎಂದವರು ನಾವೇ

ಬೆಳಗಿನ ಆರು ಗಂಟೆಗೆ ನಿರ್ಣಾ ಊರಿನ ರಸ್ತೆಗೆ ಬಂದು ನಿಂತರೆ ನಮ್ಮ ಕೇರಿಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು, ಕುಡುಗೋಲು ಹಿಡಿದುಕೊಂಡು ನಿಂತಿರುತ್ತಾರೆ. ಅವರು ಕಾಯುವುದು ಬಸ್ಸಿಗಲ್ಲ, ಟಂಟಂಗೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ ಆಯಿತು. ಆದರೆ ಕೂಲಿಯ ಹೊತ್ತಿಗೆ, ಕೂಲಿಯ ಹೊಲದ ದಾರಿಗೆ ಬಸ್ಸೇ ಬರದ ಮೇಲೆ ಪುಕ್ಕಟೆ ಟಿಕೆಟ್ಟು ಯಾರಿಗೆ ಬೇಕು? ನಾಲ್ಕು ಮಂದಿ ಕೂಡುವ ಗಾಡಿಯಲ್ಲಿ ಹದಿನೈದು ಮಂದಿ ಕೂಡುತ್ತಾರೆ. ಓಡಿಸುವವನು ಹೊಲದ ಧಣಿ ಗೊತ್ತುಮಾಡಿದವನು. ಅವನು ರಾತ್ರಿ ಎಷ್ಟು ಕುಡಿದ, ಎಷ್ಟು ಹೊತ್ತಿಗೆ ಮಲಗಿದ ಎಂದು ಕೇಳುವ ಧೈರ್ಯ ಹತ್ತಿ ಕೂತವರಿಗೆ ಇಲ್ಲ. ಕೇಳಿದರೆ ನಾಳೆ ಕೂಲಿ ಇಲ್ಲ.

2022ರ ನವೆಂಬರ್ 4ರಂದು ನಮ್ಮದೇ ಚಿಟಗುಪ್ಪಾ ತಾಲ್ಲೂಕಿನ ಬೇಮಳಖೇಡದ ಸರ್ಕಾರಿ ಶಾಲೆಯ ಹತ್ತಿರ, ಕೂಲಿ ಮುಗಿಸಿ ಮನೆಗೆ ಹೊರಟಿದ್ದ ಹೆಂಗಸರ ಆಟೋಗೂ ಲಾರಿಗೂ ಡಿಕ್ಕಿಯಾಯಿತು. ಏಳು ಜನ ಹೆಂಗಸರು ಸತ್ತರು. ಹನ್ನೊಂದು ಮಂದಿಗೆ ಪೆಟ್ಟಾಯಿತು. ಅಲ್ಲಿ ಯಾರೋ ಕುಡಿದಿದ್ದರು ಎಂದು ನಾವು ಹೇಳುತ್ತಿಲ್ಲ. ಆ ಸುದ್ದಿ ಬಂದ ದಿನ ನಮ್ಮ ಕಟ್ಟೆಯ ಮೇಲೆ ಏನಾಯಿತು ಎಂಬುದನ್ನಷ್ಟೇ ಹೇಳುತ್ತೇವೆ.

ನಾವು ನಾಲ್ಕಾರು ಜನ ಸಂಘಟನೆಯವರು, ಇಬ್ಬರು ಮೇಷ್ಟ್ರು, ಕೂತು ಮಾತಾಡುತ್ತಿದ್ದೆವು. ಬಸ್ಸು ಬಿಡದ ಸರ್ಕಾರವನ್ನು ಬೈದೆವು. ಆಳುಗಳನ್ನು ಕುರಿ ತುಂಬಿದ ಹಾಗೆ ತುಂಬುವ ಧಣಿಗಳನ್ನು ಬೈದೆವು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಒಬ್ಬ ಚಿಗವ್ವ ನಿಂತು ಕೇಳಿದಳು: “ನಮ್ಮಕ್ಕಗ ಎತ್ತು ಅಡ್ಡ ಬಂದಿತ್ತಲ್ಲೇನ್ರೋ? ಇವರಿಗಿ ಏನು ಅಡ್ಡ ಬಂತಂತ ಬರೆಸ್ತೀರಿ?”

ನಮ್ಮಲ್ಲಿ ಯಾರೂ ತಲೆ ಎತ್ತಲಿಲ್ಲ.

ಅವಳು ಕೇಳಿದ್ದು 2011ರ ಏಪ್ರಿಲ್ ತಿಂಗಳ ಮಾತು. ಬಾಬಾಸಾಹೇಬರ ಜಯಂತಿ. ಸುತ್ತಿನ ಊರುಗಳ ಜನರನ್ನು ಮೆರವಣಿಗೆಗೆ ಕರೆದೊಯ್ಯಲು ನಾವೇ ಟ್ರ್ಯಾಕ್ಟರ್ ಗೊತ್ತುಮಾಡಿದ್ದೆವು. ಹೊಡೆಯುವವನು ನಮ್ಮ ಕೇರಿಯ ಹುಡುಗನೇ. ಬೆಳಗಿನಿಂದ ಬಿಸಿಲಲ್ಲಿ ದಣಿದಿದ್ದ. ಸಂಜೆ ಹೊರಡುವ ಮುಂಚೆ ಬೇವಿನ ಮರದ ಕೆಳಗೆ ನಾವೇ ಅವನ ಕೈಗೆ ಒಂದು ಕ್ವಾಟರ್ ಇಟ್ಟೆವು. ಹಿರಿಯರೊಬ್ಬರು, “ಗಾಡಿ ಹೊಡ್ಯಾವಗ ಕೊಡಬ್ಯಾಡ್ರಿ ತಮ್ಮಾ” ಅಂದರು. ನಾವು ನಕ್ಕೆವು. “ಇಷ್ಟಕ್ಕ ಏನಾಗ್ತದ ಕಾಕಾ? ಅವ ಕುಡಿದ್ರೇ ಸೀದಾ ಹೊಡಿತಾನ” ಅಂದೆವು.

ಊರು ಇನ್ನೂ ಎರಡು ಮೈಲು ಇರುವಾಗ ಹಳ್ಳದ ಸೇತುವೆಯ ಬದಿಗೆ ಟ್ರಾಲಿ ಮಗುಚಿತು. ಬೆಳಗಿನಿಂದ ನಮ್ಮ ಜೊತೆ ಜೈಭೀಮ್ ಕೂಗಿ ಗಂಟಲು ಕಟ್ಟಿಕೊಂಡಿದ್ದ ಒಬ್ಬ ತಾಯಿ ಟ್ರಾಲಿಯ ಕೆಳಗೆ ಸಿಕ್ಕಿ ಸತ್ತಳು. ಅವಳೇ ಈ ಚಿಗವ್ವನ ಅಕ್ಕ. ಇನ್ನೂ ಕೆಲವರ ಕೈಕಾಲು ಮುರಿದವು. ಪೊಲೀಸರು ಬರುವ ಹೊತ್ತಿಗೆ ನಾವು ಮಾತು ಒಂದು ಮಾಡಿಕೊಂಡಿದ್ದೆವು: ಎತ್ತು ಅಡ್ಡ ಬಂತು. ಆ ದಾರಿಯಲ್ಲಿ ಆ ಹೊತ್ತು ಎತ್ತು ಇರಲಿಲ್ಲ, ಕರುವೂ ಇರಲಿಲ್ಲ. ಓದದೆ ಎಲ್ಲಿಯೂ ಹೆಬ್ಬೆಟ್ಟು ಒತ್ತಬೇಡಿ ಎಂದು ಜನಕ್ಕೆ ಹೇಳಿಕೊಡುತ್ತಿದ್ದ ನಾವು ಪಂಚನಾಮೆಯನ್ನು ಓದಿಯೇ ಸಹಿ ಹಾಕಿದೆವು.

ಯಾಕೆ ಹಾಗೆ ಮಾಡಿದಿರಿ ಎಂದರೆ ಎರಡು ಕಾರಣ ಹೇಳುತ್ತಿದ್ದೆವು. ಒಂದು, ಹುಡುಗ ಬಡವ, ಎರಡು ಕೂಸುಗಳಿವೆ, ಜೈಲಿಗೆ ಹೋದರೆ ಮನೆ ಮುರಿಯುತ್ತದೆ. ಎರಡು, ಜಯಂತಿಯ ದಿನ ಕುಡಿದು ಸತ್ತರು ಎಂದು ಊರಿನ ಸವರ್ಣೀಯರು ಆಡಿಕೊಳ್ಳುತ್ತಾರೆ. ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕ್ವಾಟರ್ ತಂದವರು ನಾವು.

ಸತ್ತವಳ ಮನೆಗೆ ಏನೂ ಸಿಗಲಿಲ್ಲ. ಸರಕು ಹೇರುವ ಟ್ರಾಲಿಯಲ್ಲಿ ಪುಕ್ಕಟೆ ಕೂತವರಿಗೆ ವಿಮೆ ಇಲ್ಲ. ನಾವು ಚಂದಾ ಎತ್ತಿ ಮಣ್ಣಿನ ಖರ್ಚು ನೋಡಿಕೊಂಡೆವು. ಒಂದು ಭಾಷಣದಲ್ಲಿ ಅವಳನ್ನು ಹುತಾತ್ಮಳು ಅಂದೆವು. ಕುಡಿಸಿದವರ ಕೈಯಿಂದ ಸತ್ತವಳಿಗೆ ಆ ಹೆಸರು ಕೊಡುವಾಗ ನಮ್ಮ ನಾಲಗೆ ತಡವರಿಸಲಿಲ್ಲ.

ಗೆಳೆಯರೇ, “ಇಷ್ಟಕ್ಕ ಏನಾಗ್ತದ” ಎಂಬ ಮಾತನ್ನು ಈಗ ಲೆಕ್ಕ ಹಾಕಿ ನೋಡಿದ್ದೇವೆ. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ ಗಾಡಿ ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. 180 ಮಿಲಿಯ ಒಂದು ಕ್ವಾಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಐವತ್ತೈದು ಕಿಲೋ ತೂಕದ ಆಳು ಅದನ್ನು ಖಾಲಿ ಹೊಟ್ಟೆಗೆ ಸುರಿದುಕೊಂಡರೆ ರಕ್ತದಲ್ಲಿ ಹೆಚ್ಚುಕಡಿಮೆ 160 ಮಿಲಿಗ್ರಾಂ ಆಗುತ್ತದೆ, ಕಾನೂನಿನ ಗೆರೆಯ ಐದು ಪಟ್ಟು. ಅರ್ಧ ಕುಡಿದರೂ, ಅಂದರೆ ಒಂದು ನೈಂಟಿಗೂ, ಗೆರೆ ದಾಟಿ ಎರಡು ಪಟ್ಟು ಮೇಲೆ ಹೋಗಿರುತ್ತದೆ. ಇಳಿಯುವುದು ತಾಸಿಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಮಜ್ಜಿಗೆ ಕುಡಿದರೂ ಇಳಿಯದು, ತಲೆಗೆ ತಣ್ಣೀರು ಹೊಯ್ದರೂ ಇಳಿಯದು. ನಡುರಾತ್ರಿ ಕ್ವಾಟರ್ ಮುಗಿಸಿದವನು ಬೆಳಗಿನ ಆರಕ್ಕೆ ಟಂಟಂ ಚಾಲೂ ಮಾಡಿದರೆ ಅವನು ಇನ್ನೂ ಗೆರೆಯ ಆಚೆಯೇ ಇದ್ದಾನೆ. ಮೈಯಲ್ಲಿ ಅಮಲು ಇಲ್ಲ ಎಂದು ಅವನಿಗೆ ಅನಿಸಬಹುದು. ರಕ್ತಕ್ಕೆ ಗೊತ್ತಿರುತ್ತದೆ.

ಇಂಗ್ಲೆಂಡಿನವರು 1967ರಲ್ಲಿ ಹಾಕಿಕೊಂಡ ಗೆರೆ 80. ನಮ್ಮದು ಬರೀ 30. ಕಾಗದದ ಮೇಲೆ ನಾವೇ ಬಿಗಿ. 2019ರ ಸೆಪ್ಟೆಂಬರ್‌ನಿಂದ ಮೊದಲ ಸಲ ಸಿಕ್ಕವನಿಗೆ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ಊದಿಸುವ ಮಷಿನ್ನು ಪಟ್ಟಣದ ಚೌಕ ದಾಟಿ ನಮ್ಮ ಹೊಲದ ದಾರಿಗೆ ಬರುವುದಿಲ್ಲ. ಹೀಗಾಗಿ ನಮ್ಮಲ್ಲಿ ಒಂದು ಮಾತು ಬೇರು ಬಿಟ್ಟಿದೆ: ಈ ಕಾನೂನು ಪೊಲೀಸರು ಬಡವರ ಕಿಸೆ ಕೀಳುವ ಉಪಾಯ. ಇದರಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಸತ್ಯವನ್ನು ಹೊದ್ದುಕೊಂಡೇ ನಾವು ಉಳಿದರ್ಧ ಸುಳ್ಳನ್ನು ಬೆಚ್ಚಗೆ ಇಟ್ಟುಕೊಂಡಿದ್ದೇವೆ.

ಉಳ್ಳವರ ರೀತಿಯೂ ನಮಗೆ ಗೊತ್ತು. ನಮ್ಮ ಮನ್ನಾಏಖೇಳಿ, ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿ ಸೀದಾ ಪುಣೆಗೆ ಹೋಗುತ್ತದೆ. ಅದೇ ಪುಣೆಯಲ್ಲಿ 2024ರ ಮೇ 19ರಂದು ಶ್ರೀಮಂತರ ಮನೆಯ ಹುಡುಗನೊಬ್ಬ ಓಡಿಸುತ್ತಿದ್ದ ಎನ್ನಲಾದ ಪೋರ್ಶೆ ಕಾರು ಬಡಿದು ಇಬ್ಬರು ಎಂಜಿನಿಯರುಗಳು ಸತ್ತರು. ಮೊದಲು ಕೊಟ್ಟ ಜಾಮೀನಿನ ಶರತ್ತಿನಲ್ಲಿ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತು. ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ಮುಂದೆ ವೈದ್ಯರು ಬಂಧನವಾದರು. ಆ ಸುದ್ದಿ ಓದಿ ನಾವು ಹಲ್ಲು ಕಡಿದೆವು. ಆದರೆ ಅಲ್ಲಿ ರಕ್ತ ಬದಲಾಯಿತು ಎಂಬುದು ಆರೋಪ. ಇಲ್ಲಿ ನಾವು ಇಲ್ಲದ ಎತ್ತನ್ನು ತಂದು ನಿಲ್ಲಿಸಿದ್ದು ನಮ್ಮ ಕಣ್ಣೆದುರಿನ ಸತ್ಯ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ಅದರಲ್ಲಿ ಕುಡಿತದ ಖಾತೆಗೆ ಬಿದ್ದದ್ದು ನೂರಕ್ಕೆ ಮೂರೂ ಇಲ್ಲ. ನೂರಕ್ಕೆ ಎಪ್ಪತ್ತರಷ್ಟು ಅತಿವೇಗದ ಖಾತೆಯಲ್ಲಿದೆ. ಕುಡಿತದಿಂದ ಅಷ್ಟೇ ಜನ ಸಾಯುತ್ತಾರೆಂದು ಓದಿದವರು ನಂಬಬಹುದು. ನಾವು ನಂಬುವುದಿಲ್ಲ, ಯಾಕೆಂದರೆ ಆ ಲೆಕ್ಕ ಹೇಗೆ ಹುಟ್ಟುತ್ತದೆಂದು ನಮಗೆ ಗೊತ್ತು. ಅದು ಪಂಚನಾಮೆಯಿಂದ ಹುಟ್ಟುತ್ತದೆ. ನಮ್ಮಂಥವರು ಎತ್ತು, ನಾಯಿ, ತಿರುವು, ಕತ್ತಲೆ ಎಂದು ಬರೆಸಿದ್ದರಿಂದ ಹುಟ್ಟುತ್ತದೆ.

ಸರ್ಕಾರ ಬೇರೆ ರೀತಿಯಲ್ಲಿ ಇದೇ ಕೆಲಸ ಮಾಡುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು. ಹೆದ್ದಾರಿಯಿಂದ 500 ಮೀಟರಿನೊಳಗೆ ಹೆಂಡದಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೇಳಿತು. ಅಂಗಡಿ ಎತ್ತುವ ಬದಲು ಹಲವು ರಾಜ್ಯಗಳು ಹೆದ್ದಾರಿಯ ಹೆಸರನ್ನೇ ಎತ್ತಿದವು. ರಾಜ್ಯ ಹೆದ್ದಾರಿ ರಾತ್ರೋರಾತ್ರಿ ಜಿಲ್ಲಾ ರಸ್ತೆಯಾಯಿತು. ಮರುವರ್ಷ ಕೋರ್ಟೂ ಗೆರೆಯನ್ನು ಸಡಿಲಿಸಿತು. ನಮ್ಮ ರಾಜ್ಯದ ಅಬಕಾರಿ ಆದಾಯ 2022-23ರಲ್ಲಿ 29 ಸಾವಿರ ಕೋಟಿ ದಾಟಿತ್ತು. ಆ ದುಡ್ಡು ಬಿಡಲಾರದ ಸರ್ಕಾರ ಬೆಳಗಿನ ಆರಕ್ಕೆ ಹೋಬಳಿಗೊಂದು ಬಸ್ಸು ಬಿಡಲಾರದೆ?

ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರು ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಬೀದಿಗಿಳಿದರು. ಅದಕ್ಕೂ ಎಂಟು ನೂರು ವರ್ಷ ಹಿಂದೆ ಇಲ್ಲೇ ನಮ್ಮ ಕಲ್ಯಾಣದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ. ಹೆಂಡ ಮಾರುತ್ತಲೇ ಕುಡಿಯಬೇಡಿರೆಂದು ಗಿರಾಕಿಗೆ ಬುದ್ಧಿ ಹೇಳುತ್ತಿದ್ದನಂತೆ. ತನ್ನ ಕಾಯಕಕ್ಕೆ ಪೆಟ್ಟು ಬಿದ್ದರೂ ಸತ್ಯ ಹೇಳಿದವನ ಊರಿನ ಪಕ್ಕದವರು ನಾವು.

ಈಗ ನಾವು ಮಾಡುತ್ತಿರುವುದು ಸಣ್ಣ ಕೆಲಸ. ಕೇರಿಯ ಸಭೆ ಕರೆದು, 2011ರಲ್ಲಿ ಎತ್ತು ಇರಲಿಲ್ಲ ಎಂದು ಎಲ್ಲರ ಮುಂದೆ ಹೇಳಿದೆವು. ಟ್ರ್ಯಾಕ್ಟರ್ ಹೊಡೆದವನೂ ಬಂದಿದ್ದ. “ಅವತ್ತೇ ಹೇಳಿದ್ರ ಜೇಲಿಗಿ ಹೋಗಿ ಬರ್ತಿದ್ದೆ. ಈಗ ದಿನಾ ಅಕ್ಕನ ಮನಿ ಮುಂದ ಹಾಯ್ದು ಹೋಗ್ಬೇಕು” ಅಂದ. ಸಂಘಟನೆಯ ಯಾವ ಗಾಡಿಗೂ ಕುಡಿದವನನ್ನು, ಹಿಂದಿನ ರಾತ್ರಿ ಕುಡಿದವನನ್ನೂ, ಕೂಡಿಸುವುದಿಲ್ಲವೆಂದು ಗೊತ್ತುಮಾಡಿಕೊಂಡೆವು. ಟ್ರಾಲಿಯಲ್ಲಿ ಜನರನ್ನು ತುಂಬುವುದನ್ನೂ ಬಿಟ್ಟೆವು. ಟಂಟಂ ಬಳಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಕೇಳಿದರೆ ಕೂಲಿ ಹೋಗುತ್ತದೆ, ಎಲ್ಲರೂ ಕೂಡಿ ಇಳಿದು ನಿಂತರೆ ಗಾಡಿಯೇ ಹೋಗುವುದಿಲ್ಲ. ಆ ದಿನದ ಕೂಲಿಯ ಜವಾಬ್ದಾರಿ ಸಂಘಟನೆ ಹೊರಬೇಕು. ಬಸ್ಸಿಗಾಗಿ ಅರ್ಜಿಯನ್ನೂ ಕೊಟ್ಟಿದ್ದೇವೆ.

ಹಳ್ಳಿಯ ಮೇಷ್ಟ್ರುಗಳು ಮೇಲಿನ ಕ್ವಾಟರಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಹಾಕಿ ತೋರಿಸಲಿ. ಮಕ್ಕಳು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ. ಕಾರ್ಯಕರ್ತರು ಮುಂದಿನ ಪಂಚನಾಮೆಗೆ ಸಹಿ ಹಾಕುವ ಮುಂಚೆ ಸತ್ತವರ ಮನೆಯವರನ್ನು ಒಂದು ಮಾತು ಕೇಳಲಿ.

ಚಿಗವ್ವ ಸಭೆಗೆ ಬಂದಿದ್ದಳು. ಬಾಗಿಲ ಬಳಿ ನಿಂತು ಎಲ್ಲ ಕೇಳಿದಳು, ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಬುತ್ತಿ ಕಟ್ಟಿಕೊಂಡು ರಸ್ತೆಗೆ ಬಂದು ನಿಂತಳು. ಬಸ್ಸು ಇನ್ನೂ ಬಂದಿರಲಿಲ್ಲ.