ಕೆಂಪು ಬಂಡೆಗಳ ನಾಡಿಗೆ ಒಂದೂವರೆ ಅಂಗುಲ

ಅಮೆರಿಕದ ಕೊಲರಾಡೋ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ ಗ್ರ್ಯಾಂಡ್ ಜಂಕ್ಷನ್ ಎಂಬ ಪಟ್ಟಣವಿದೆ. ಕೊಲರಾಡೋ ನದಿಯ ಮೇಲ್ಭಾಗವನ್ನು ೧೯೨೧ರವರೆಗೆ ಗ್ರ್ಯಾಂಡ್ ನದಿಯೆಂದು ಕರೆಯುತ್ತಿದ್ದರು. ಗನಿಸನ್ ನದಿಯು ಅದನ್ನು ಕೂಡುವ ಸ್ಥಳವಾದುದರಿಂದ ಊರಿಗೆ ಈ ಹೆಸರು ಬಂದಿತು. ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಅಲ್ಲಿ ನೆಲಸಿದ್ದಾನೆ. ಕಳೆದ ಶರತ್ಕಾಲದಲ್ಲಿ ನಾನೂ ನನ್ನ ಮನೆಯವರೂ ಎರಡು ತಿಂಗಳ ಕಾಲ ಅವನ ಸಂಸಾರದೊಡನೆ ಇದ್ದೆವು.

ಅಲ್ಲಿಂದ ಸುಮಾರು ೧೧೦ ಮೈಲಿ ದೂರದಲ್ಲಿ, ಯೂಟಾ ಸಂಸ್ಥಾನದಲ್ಲಿ, ಮೋವಾಬ್ ಎಂಬ ಸಣ್ಣ ಊರಿದೆ. ಅದರ ಸುತ್ತಲಿನ ನೆಲವೆಲ್ಲ ಕೆಂಪು ಮರಳುಗಲ್ಲು. ನದಿಗಳು ಲಕ್ಷಾಂತರ ವರ್ಷ ಕೊರೆದು ಮಾಡಿದ ಕಂದರಗಳನ್ನು ೧೯೬೪ರಲ್ಲಿ ಕೆನಿಯನ್‌ಲ್ಯಾಂಡ್ಸ್ ಎಂಬ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಮೇಲಿನ ಪ್ರಸ್ಥಭೂಮಿಯಿಂದ ಕಂದರದೊಳಕ್ಕೆ ಶೇಫರ್ ಎಂಬ ಹೆಸರಿನ ಮಣ್ಣಿನ ದಾರಿಯೊಂದು ಸುಮಾರು ೧,೫೦೦ ಅಡಿ ಇಳಿಯುತ್ತದೆ. ಮೊದಲು ಅದು ದನಕರುಗಳ ಕಾಲುದಾರಿ. ೧೯೫೦ರ ದಶಕದಲ್ಲಿ ಯುರೇನಿಯಮ್ ಅದಿರಿನ ಲಾರಿಗಳಿಗಾಗಿ ಅದನ್ನು ಅಗಲಗೊಳಿಸಿದರು. ಅದರಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಇಳಿಯಬೇಕೆಂಬುದು ಮಗನ ಬಹುದಿನದ ಆಸೆ. ಹೊಟ್ಟೆ ನೆಲಕ್ಕೆ ತಾಗದಂತೆ ಎತ್ತರವಾಗಿರುವ, ನಾಲ್ಕು ಗಾಲಿಗಳಿಗೂ ಯಂತ್ರಬಲ ಒದಗುವ ವಾಹನವಿದ್ದರೆ ಮಾತ್ರ ಆ ದಾರಿಗೆ ಹೋಗುವುದು ಒಳ್ಳೆಯದೆಂದು ಉದ್ಯಾನದವರು ಹೇಳುತ್ತಾರೆ.

ಮಗನಲ್ಲಿ ಒಂದು ಪಿಕಪ್ ಟ್ರಕ್ ಇದೆ. ಮುಂದೆ ಐದು ಜನ ಕುಳಿತುಕೊಳ್ಳುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಪೇಟೆಗೆ ಹೋಗುವುದಕ್ಕೂ ಮಗುವನ್ನು ಶಾಲೆಗೆ ಬಿಡುವುದಕ್ಕೂ ಆ ಮನೆಗೆ ಅದೊಂದೇ ವಾಹನ. ಒಂದು ಸಲ ಕಲ್ಲಿನ ಮೆಟ್ಟಿಲೊಂದನ್ನು ಹತ್ತುವಾಗ ಅದರ ಮೂತಿಯ ತಳಭಾಗ ಉಜ್ಜಿ ಹೋಗಿತ್ತಂತೆ. ಅಂದಿನಿಂದ ಗಾಡಿಯನ್ನು ಎತ್ತರಿಸಬೇಕೆಂಬ ಹಂಬಲ ಅವನಿಗೆ ಹತ್ತಿತು. ನೆರೆಹೊರೆಯ ತರುಣರ ಟ್ರಕ್ಕುಗಳೆಲ್ಲ ಆನೆಯಂತೆ ಎತ್ತರವಾಗಿ ನಿಂತಿದ್ದುದೂ ಇದಕ್ಕೊಂದು ಕಾರಣವಾಗಿರಬಹುದು.

ಒಂದು ಅಂಗಡಿಗೆ ನಾನೂ ಜೊತೆಯಲ್ಲಿ ಹೋದೆನು. ಅಂಗಡಿಯವನು ಆರು ಅಂಗುಲ ಎತ್ತರಿಸುವ ಲಿಫ್ಟ್ ಕಿಟ್ಟನ್ನು ಬಹಳವಾಗಿ ಹೊಗಳಿದನು. ಸಾಮಗ್ರಿಗೆ ೨,೦೦೦ ಡಾಲರು, ಕೂಲಿ ೧,೨೦೦, ಆ ಎತ್ತರಕ್ಕೆ ಒಪ್ಪುವ ದೊಡ್ಡ ಟಯರುಗಳಿಗೆ ೧,೨೦೦. ಒಟ್ಟು ೪,೪೦೦ ಡಾಲರು. ಕಂತಿನ ಮೇಲೆ ತೀರಿಸಬಹುದೆಂದೂ ಸೇರಿಸಿದನು. ಮಗನ ಮುಖ ಅರಳಿತು. ಮನೆಯ ಸಾಲವೇ ಇನ್ನೂ ತೀರದಿರುವಾಗ ಗಾಡಿಯ ಎತ್ತರಕ್ಕೆ ಮತ್ತೊಂದು ಸಾಲವೆ ಎಂದು ನನಗೆ ಅನ್ನಿಸಿತು; ಆದರೆ ಬೆಳೆದ ಮಗನಿಗೆ ಅಂಗಡಿಯಲ್ಲಿ ಬುದ್ಧಿ ಹೇಳುವುದು ಸರಿಯಲ್ಲವೆಂದು ಸುಮ್ಮನಿದ್ದೆನು.

ಆ ಅಂಗಳದಲ್ಲಿಯೇ ಹಾಗೆ ಎತ್ತರಿಸಿದ ಟ್ರಕ್ಕೊಂದು ನಿಂತಿತ್ತು. ನನ್ನ ಮನೆಯವರು ಅದರ ಬಾಗಿಲ ಬಳಿಗೆ ಹೋಗಿ, ಒಂದು ಕಾಲನ್ನು ಎತ್ತಿ ನೋಡಿ, ಮೆಲ್ಲನೆ ಇಳಿಸಿದರು. ಅವರಿಗೆ ಮಂಡಿನೋವು ಬಂದು ಎಂಟು ವರ್ಷವಾಯಿತು. “ನೀವೆಲ್ಲ ಹೋಗಿ ಬನ್ನಿಯಪ್ಪ. ನಾನು ಮಗುವನ್ನು ನೋಡಿಕೊಂಡು ಮನೆಯಲ್ಲಿರುತ್ತೇನೆ” ಎಂದರು. ಮಗನು ಏನೂ ಮಾತನಾಡಲಿಲ್ಲ. ಹಣವನ್ನೂ ಕೊಡದೆ ಅಲ್ಲಿಂದ ಹೊರಟನು.

ಮರುದಿನ ವಯಸ್ಸಾದ ಒಬ್ಬ ಮೆಕ್ಯಾನಿಕನಲ್ಲಿಗೆ ಹೋದೆವು. ಆತನು ಮೊದಲು ಗಾಡಿಯ ಪಕ್ಕದಲ್ಲಿ ದೂರ ನಿಂತು ನೋಡಿ ಎಂದನು. ನೋಡಿದರೆ ಹಿಂಭಾಗ ಎತ್ತರ, ಮುಂಭಾಗ ತಗ್ಗು. ಗಾಡಿಯು ತಲೆಬಾಗಿ ನಿಂತಂತಿತ್ತು. ಅದು ತಯಾರಿಸಿದವರ ತಪ್ಪಲ್ಲವಂತೆ. ತೊಟ್ಟಿಯಲ್ಲಿ ಭಾರ ಹೇರಿದಾಗ ಹಿಂದಿನ ಸ್ಪ್ರಿಂಗು ಕುಗ್ಗಿ ಗಾಡಿ ಸಮವಾಗಲಿ ಎಂದು ಹಾಗೆ ಮಾಡಿರುತ್ತಾರೆ. ನನಗೆ ನಮ್ಮ ಎತ್ತಿನ ಗಾಡಿ ನೆನಪಾಯಿತು. ಮುಂಭಾರ ಹೆಚ್ಚಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರ ಹೆಚ್ಚಿದರೆ ಮೂಕಿ ಮೇಲಕ್ಕೆದ್ದು ನೊಗದ ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಗಾಡಿ ತುಂಬುವ ನಮ್ಮ ರೈತನು ಅಚ್ಚಿನ ಹಿಂದೆ ಮುಂದೆ ಭಾರವನ್ನು ತೂಗಿ ಇಡುವುದು ಈ ಕಾರಣದಿಂದಲೇ.

ಮುಂಭಾಗವನ್ನಷ್ಟೇ ಎತ್ತಿ ಹಿಂಭಾಗಕ್ಕೆ ಸರಿಗಟ್ಟುವ ಸಾಧನಕ್ಕೆ ಲೆವೆಲಿಂಗ್ ಕಿಟ್ ಎನ್ನುತ್ತಾರೆ. ಅದರಲ್ಲಿ ಅತ್ಯಂತ ಅಗ್ಗವಾದುದು ಸ್ಪೇಸರ್ ಎಂಬ ದಪ್ಪನೆಯ ಲೋಹದ ಬಿಲ್ಲೆ. ಮುಂದಿನ ಗಾಲಿಯ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುವ ಕಂಬದ ನೆತ್ತಿಯ ಮೇಲೆ ಅದನ್ನು ಕೂರಿಸುತ್ತಾರೆ. ಕಂಬದ ಬುಡವು ಗಾಲಿಯನ್ನು ಹಿಡಿದಿರುವ ತೋಳಿನ ನಡುಭಾಗದಲ್ಲಿ ನಿಂತಿರುವುದರಿಂದ, ಮೇಲೆ ಮುಕ್ಕಾಲು ಅಂಗುಲದ ಬಿಲ್ಲೆ ಇಟ್ಟರೆ ಗಾಡಿಯು ಸುಮಾರು ಒಂದೂವರೆ ಅಂಗುಲ ಏಳುತ್ತದೆ. ಸನ್ನೆಕೋಲಿನ ನಿಯಮವೇ ಇದು. ಬಿಲ್ಲೆಯನ್ನು ಸ್ಪ್ರಿಂಗಿನೊಳಗೆ ಇಟ್ಟು ಅದನ್ನು ಬಿಗಿಯುವ ಬಗೆಯೂ ಉಂಟು. ಅದರಿಂದ ಸವಾರಿ ಗಡುಸಾಗುತ್ತದೆ. ಇನ್ನೂ ಉತ್ತಮವಾದುದು ಕಂಬವನ್ನೇ ಬದಲಿಸುವುದು. ಅದಕ್ಕೆ ಹಣವೂ ಹೆಚ್ಚು.

ಎರಡು, ಎರಡೂವರೆ ಅಂಗುಲಕ್ಕಿಂತ ಮೇಲೆ ಹೋದರೆ ಗಾಲಿಗೆ ಬಲ ತರುವ ದಂಡದ ಗಂಟುಗಳೂ ತೋಳುಗಳ ಕೀಲುಗಳೂ ಓರೆಯಾಗಿ ಬೇಗ ಸವೆಯುತ್ತವೆ. ಆಗ ತೋಳುಗಳನ್ನೂ ಬದಲಿಸಬೇಕು. ಎತ್ತರ ಹೆಚ್ಚಿದಷ್ಟೂ ಗಾಡಿಯ ಗುರುತ್ವಕೇಂದ್ರ ಮೇಲೇರಿ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಇನ್ನೊಂದು ಸಂಗತಿ ನನಗೆ ಆಶ್ಚರ್ಯವನ್ನುಂಟುಮಾಡಿತು. ಕಿಟ್ ಯಾವುದಾದರೂ ಹಿಂದಿನ ಅಚ್ಚಿನ ನಡುವೆ ಇರುವ ಗುಂಡನೆಯ ಹಲ್ಲುಚಕ್ರದ ಪೆಟ್ಟಿಗೆ ನೆಲದಿಂದ ಕೂದಲೆಳೆಯಷ್ಟೂ ಮೇಲೇಳದು. ದೊಡ್ಡ ಟಯರು ಮಾತ್ರ ಅದನ್ನು ಎತ್ತಬಲ್ಲದು; ಅದೂ ಎರಡು ಅಂಗುಲ ದೊಡ್ಡ ಟಯರಿಗೆ ಒಂದೇ ಅಂಗುಲ.

ಮಗನು ಗ್ಯಾರಂಟಿಯ ವಿಚಾರ ಕೇಳಿದನು. ೧೯೭೫ರ ಅಲ್ಲಿಯ ಕಾನೂನಿನ ಪ್ರಕಾರ, ಬೇರೆಯವರ ಭಾಗವನ್ನು ಜೋಡಿಸಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಆದರೆ ಆ ಭಾಗದಿಂದಲೇ ಏನಾದರೂ ಕೆಟ್ಟರೆ ಆ ಖರ್ಚನ್ನು ತಯಾರಕರು ಹೊರುವುದಿಲ್ಲ.

ಸಾಯಂಕಾಲ ಮನೆಯ ಮುಂದಿನ ಸಮನೆಲದಲ್ಲಿ ನಾನೇ ಟೇಪನ್ನು ಹಿಡಿದೆನು. ಗಾಲಿಯ ಗುಂಬದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ನಾಲ್ಕು ಕಡೆಯಲ್ಲಿಯೂ ಅಳೆದೆವು. ಹಿಂಭಾಗ ಎರಡೂಕಾಲು ಅಂಗುಲ ಎತ್ತರವಿತ್ತು. ಬಳಿಕ ಪ್ರವಾಸಕ್ಕೆ ಬೇಕಾದ ನೀರಿನ ಡಬ್ಬಿ, ಡೇರೆ, ಅಡಿಗೆಯ ಸಾಮಾನುಗಳನ್ನೆಲ್ಲ ತೊಟ್ಟಿಗೆ ಹೇರಿ, ಎಲ್ಲರೂ ಒಳಗೆ ಕುಳಿತು, ಸೊಸೆಯಿಂದ ಮತ್ತೆ ಅಳೆಯಿಸಿದೆವು. ಈಗ ವ್ಯತ್ಯಾಸ ಒಂದೂವರೆ ಅಂಗುಲ. ಮುಕ್ಕಾಲು ಅಂಗುಲವನ್ನು ಭಾರವೇ ನುಂಗಿತ್ತು. ಖಾಲಿ ಗಾಡಿಯನ್ನು ನೋಡಿ ಎರಡೂಕಾಲು ಅಂಗುಲದ ಕಿಟ್ಟನ್ನು ಕೊಂಡಿದ್ದರೆ, ನಾವು ಹತ್ತಿ ಕುಳಿತೊಡನೆ ಮುಂಭಾಗ ಮೇಲೆದ್ದು ಹಿಂಭಾಗ ಕುಸಿದಿರುತ್ತಿತ್ತು. ಮಗನು ಕಾಗದದ ಮೇಲಿನ ಲೆಕ್ಕವನ್ನು ಸ್ವಲ್ಪ ಹೊತ್ತು ನೋಡುತ್ತಿದ್ದು, “ಅಪ್ಪಾ, ಒಂದೂವರೆಯೇ ಸಾಕು” ಎಂದನು. ನಾನು ಒಂದು ಮಾತನ್ನೂ ಹೇಳಬೇಕಾಗಲಿಲ್ಲ.

ಆ ಗಾಡಿಯ ವರ್ಷಕ್ಕೂ ಮಾದರಿಗೂ ಹೊಂದುವ ಕಿಟ್ಟಿಗೆ ೧೩೦ ಡಾಲರು, ಜೋಡಿಸುವ ಕೂಲಿ ೩೦೦, ಗಾಲಿಗಳ ಓರೆಯನ್ನು ತಿದ್ದುವ ಅಲೈನ್‌ಮೆಂಟಿಗೆ ೧೨೦. ಒಟ್ಟು ೫೫೦ ಡಾಲರು. ಈ ಕೊನೆಯ ಕೆಲಸವನ್ನು ಬಿಟ್ಟರೆ ಟಯರುಗಳು ಒಂದು ಪಕ್ಕಕ್ಕೆ ಸವೆದು ಉಳಿಸಿದ ಹಣವೆಲ್ಲ ಹೋಗುವುದಂತೆ. ಮಗನು ತಾಯಿಗಾಗಿ ಬಾಗಿಲ ಕೆಳಗೆ ಒಂದು ಮೆಟ್ಟಿಲಹಲಗೆಯನ್ನೂ ಹಾಕಿಸಿದನು.

ಅಕ್ಟೋಬರಿನ ಒಂದು ಮುಂಜಾನೆ ಎಲ್ಲರೂ ಹೊರಟೆವು. ಪಶ್ಚಿಮಕ್ಕೆ ಹೆದ್ದಾರಿ, ಆಮೇಲೆ ದಕ್ಷಿಣಕ್ಕೆ ತಿರುವು. ದೂರದಲ್ಲಿ ಲಾ ಸಾಲ್ ಪರ್ವತಗಳ ನೆತ್ತಿಯಲ್ಲಿ ಹೊಸ ಹಿಮ. ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಆ ದಾರಿಯು ಗೋಡೆಗೆ ಅಂಟಿಸಿದ ನೂಲಿನಂತೆ ಕಂಡಿತು. ನನ್ನ ಎದೆ ಹೊಡೆದುಕೊಂಡುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮಳೆ ಬಂದರೆ ಆ ಮಣ್ಣು ಬೆಣ್ಣೆಯಂತೆ ಜಾರುತ್ತದೆಂದು ಕೇಳಿ ಆಕಾಶವನ್ನು ಎರಡು ಸಲ ನೋಡಿದೆನು. ಒಂದು ತುಣುಕು ಮೋಡವೂ ಇರಲಿಲ್ಲ.

ಕೆಳಗಿನ ಗೇರಿನಲ್ಲಿ ಮೆಲ್ಲಮೆಲ್ಲನೆ ಇಳಿದೆವು. ಹೇರ್‌ಪಿನ್ ತಿರುವುಗಳಲ್ಲಿ ಗಾಡಿಯ ಎತ್ತರಕ್ಕಿಂತ ಅದರ ಉದ್ದವೇ ತೊಂದರೆ ಕೊಡುವುದೆಂದು ಆಗ ತಿಳಿಯಿತು. ಏರಿ ಬರುವವರಿಗೆ ದಾರಿ ಬಿಡುವುದು ಅಲ್ಲಿಯ ಪದ್ಧತಿ. ಎರಡು ಕಡೆ ನಿಂತು ಬಿಟ್ಟೆವು. ಒಂದು ಕಲ್ಲಿನ ಮೆಟ್ಟಿಲ ಬಳಿ ಮಗನು ಗಾಡಿಯನ್ನು ನಿಲ್ಲಿಸಿ, ಇಳಿದು ನೋಡಿ, ಮುಂದಿನ ಗಾಲಿಯನ್ನು ಕಲ್ಲಿನ ಮೇಲೆಯೇ ಇಳಿಯಬಿಟ್ಟನು. ಮೂತಿ ತಾಗಲಿಲ್ಲ. “ಆಯಿತೇ?” ಎಂದು ಕಣ್ಣು ಮುಚ್ಚಿದ್ದ ನನ್ನ ಮನೆಯವರು ಕೇಳಿದರು. “ಆಯಿತಮ್ಮ, ಕಣ್ಣು ಬಿಡು” ಎಂದನು. ಬಿಟ್ಟಾಗ ಎದುರಿಗೆ ಸೂರ್ಯನ ಬೆಳಕಿನಲ್ಲಿ ಕಂದರದ ಗೋಡೆಗಳು ಕುಂಕುಮದ ಬಣ್ಣದಲ್ಲಿ ಹೊಳೆಯುತ್ತಿದ್ದುವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಅಲ್ಲಿಯ ನೆಲದ ಮೇಲೆ ಕಪ್ಪಗೆ ಚಕ್ಕೆಗಟ್ಟಿದ ಒಂದು ಪದರವಿರುತ್ತದೆ. ಅದು ಸೂಕ್ಷ್ಮಜೀವಿಗಳೂ ಕಲ್ಲುಹೂವೂ ಕೂಡಿ ಕಟ್ಟಿದ ಜೀವಂತ ಮಣ್ಣು. ಗಾಲಿಯೊಂದು ಹಾದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಆದುದರಿಂದ ಗಾಡಿ ಎಷ್ಟು ಎತ್ತರವಿದ್ದರೂ ದಾರಿ ಬಿಟ್ಟು ಇಳಿಯಬಾರದು. ಬುಡದಿಂದ ಪೊಟ್ಯಾಷ್ ದಾರಿಯನ್ನು ಹಿಡಿದು, ಗೊಬ್ಬರದ ಉಪ್ಪನ್ನು ಒಣಗಿಸುವ ನೀಲಿಯ ಕೊಳಗಳನ್ನು ದಾಟಿ, ನದಿಯ ಪಕ್ಕದಲ್ಲಿಯೇ ಮೋವಾಬನ್ನು ಸೇರಿದೆವು. ಬಂಡೆಗಳ ಮೇಲೆ ಪೂರ್ವಕಾಲದ ಜನರು ಕೊರೆದ ಪ್ರಾಣಿಗಳ ಚಿತ್ರಗಳನ್ನು ದಾರಿಯಲ್ಲಿ ಕಂಡೆವು.

ಹಿಂದಿರುಗುವಾಗ ಕತ್ತಲಾಯಿತು. ಎದುರಿಗೆ ಬಂದವರೆಲ್ಲ ನಮಗೆ ದೀಪ ಮಿಣುಕಿಸಿ ಗದರಿಸತೊಡಗಿದರು. ಕಾರಣ ಊರು ಸೇರುವವರೆಗೂ ಹೊಳೆಯಲಿಲ್ಲ. ಮೂತಿಯನ್ನು ಎತ್ತಿದ ನಾವು ದೀಪಗಳನ್ನು ತಗ್ಗಿಸಲು ಮರೆತಿದ್ದೆವು. ತ್ರೈರಾಶಿಯಿಂದ ನೋಡಿದರೆ, ಗಾಲಿಗಳ ನಡುವಣ ೧೨ ಅಡಿಗೆ ಒಂದೂವರೆ ಅಂಗುಲ ಏರಿದಾಗ, ೨೫ ಅಡಿ ದೂರದ ಗೋಡೆಯ ಮೇಲೆ ಬೆಳಕು ಮೂರು ಅಂಗುಲಕ್ಕಿಂತ ಹೆಚ್ಚು ಏರುತ್ತದೆ; ದೂರದ ದಾರಿಯಲ್ಲಿ ಅದು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಅಷ್ಟು ಜನರಿಗೆ ಆ ರಾತ್ರಿ ತೊಂದರೆ ಕೊಟ್ಟೆವಲ್ಲಾ ಎಂದು ನನಗೆ ನಾಚಿಕೆಯಾಯಿತು.

ಮರುದಿನ ಸಂಜೆ ಗಾಡಿಯನ್ನು ಮನೆಯ ಗೋಡೆಗೆ ಎದುರಾಗಿ ೨೫ ಅಡಿ ದೂರದಲ್ಲಿ ನಿಲ್ಲಿಸಿದೆವು. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆನು. ಮಗನು ತಿರುಪನ್ನು ತಿರುಗಿಸಿ ಬೆಳಕನ್ನು ಅದರ ಕೆಳಕ್ಕೆ ಇಳಿಸಿದನು. ನನ್ನ ಮನೆಯವರು ಬಾಗಿಲಲ್ಲಿ ನಿಂತು, “ಈಗ ಸರಿಯಾಯಿತು, ನನ್ನ ಕಣ್ಣಿಗೆ ಹೊಡೆಯುವುದಿಲ್ಲ” ಎಂದರು.