ರೋಹಿಣಿಯ ನೀರು, ಕುಮಾರಧಾರೆಯ ದಡ

ಮಳೆಗಾಲ ಕಳೆದು ತೋಡಿನ ನೀರು ಇಳಿಯತೊಡಗಿತೆಂದರೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ‘ಕಟ್ಟ’ದ ಮಾತು ಶುರುವಾಗುತ್ತದೆ. ಕಲ್ಲು, ಮಣ್ಣು, ಸೊಪ್ಪು ಸೇರಿಸಿ ತೋಡಿಗೆ ಅಡ್ಡಲಾಗಿ ಒಡ್ಡು ಹಾಕಿ ನೀರು ನಿಲ್ಲಿಸುವ ಕ್ರಮ ಇಲ್ಲಿಯ ಕೃಷಿಕರಿಗೆ ಹಿರಿಯರಿಂದ ಬಂದದ್ದು. ಮೇಲಿನವರು ನೀರು ಹಿಡಿದರೆ ಕೆಳಗಿನವರ ಗತಿ ಏನು ಎಂಬ ಪ್ರಶ್ನೆಯೂ ಅದರೊಂದಿಗೇ ಬಂದದ್ದು. ಆದ್ದರಿಂದಲೇ ಈ ಸೀಮೆಯ ಮಕ್ಕಳಿಗೆ ಬುದ್ಧನ ಬದುಕಿನ ಒಂದು ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಕ್ಯರು ಮತ್ತು ಕೋಲಿಯರ ನಡುವೆ ರೋಹಿಣಿ ಎಂಬ ನದಿ. ಎರಡೂ ಕಡೆಯವರ ಬೆಳೆಗೆ ಅದೇ ಆಧಾರ. ಜ್ಯೇಷ್ಠ ಮಾಸದಲ್ಲಿ ಪೈರು ಒಣಗತೊಡಗಿದಾಗ ಮೊದಲು ಬೈಗುಳ, ಬಳಿಕ ಕೈಕೈ, ಕೊನೆಗೆ ಆಯುಧ. ಆಗ ಬುದ್ಧ ನಡುವೆ ಬಂದು, ನೀರಿನ ಬೆಲೆ ಹೆಚ್ಚೋ ಮನುಷ್ಯರ ಜೀವದ ಬೆಲೆ ಹೆಚ್ಚೋ ಎಂದು ಕೇಳಿ ಜಗಳ ಬಿಡಿಸಿದನೆಂದು ಪಾಲಿ ವ್ಯಾಖ್ಯಾನ ಗ್ರಂಥಗಳು ಹೇಳುತ್ತವೆ.

ಪರೀಕ್ಷೆಗೆ ಓದುವ ಮಕ್ಕಳಿಗೆ ಹೆಚ್ಚು ಪರಿಚಿತವಾದದ್ದು ಬೇರೆ ಕತೆ. ಅರಮನೆಯಲ್ಲಿ ಬೆಳೆದ ಸಿದ್ಧಾರ್ಥ ಒಬ್ಬ ಮುದುಕ, ಒಬ್ಬ ರೋಗಿ, ಒಂದು ಶವ, ಒಬ್ಬ ಸಂನ್ಯಾಸಿಯನ್ನು ಕಂಡ. ನಡುರಾತ್ರಿ ಮಲಗಿದ್ದ ಹೆಂಡತಿ ಮಗುವನ್ನು ಬಿಟ್ಟು ಹೊರಟ. ಇಪ್ಪತ್ತೊಂಬತ್ತು ವರ್ಷವಾದರೂ ಮುದುಕರನ್ನೇ ಕಂಡಿರಲಿಲ್ಲವೆ ಎಂದು ಜಾಣ ಮಗು ಕೇಳಿದರೆ ತಂದೆತಾಯಿ ಗದರಿಸಬಾರದು. ಡಾ. ಅಂಬೇಡ್ಕರ್ ಅವರೂ ಇದೇ ಪ್ರಶ್ನೆಯನ್ನು ಕೇಳಿದ್ದಾರೆ.

ಹಳೆಯ ಪಾಲಿ ಸುತ್ತಗಳತ್ತ ನೋಡಿದರೆ ಚಿತ್ರ ಸರಳವಾಗಿದೆ. ಅರಿಯಪರಿಯೇಸನ ಸುತ್ತದಲ್ಲಿ ಬುದ್ಧನೇ ತನ್ನ ಗೃಹತ್ಯಾಗವನ್ನು ನೆನೆಯುತ್ತಾನೆ. ಕೂದಲು ಇನ್ನೂ ಕಪ್ಪಗಿದ್ದ ಹರೆಯ. ತಂದೆತಾಯಿ ಕಣ್ಣೀರಿಡುತ್ತಿದ್ದಂತೆಯೇ ತಲೆ ಬೋಳಿಸಿ ಕಾವಿ ಉಟ್ಟು ಹೊರಟದ್ದು. ಅಲ್ಲಿ ನಡುರಾತ್ರಿಯೂ ಇಲ್ಲ, ಕುದುರೆಯೂ ಇಲ್ಲ. ಮುಪ್ಪು, ರೋಗ, ಸಾವು ಇನ್ನೊಂದು ಸುತ್ತದಲ್ಲಿ ಅವನ ಮನಸ್ಸಿಗೆ ಬಂದ ವಿಚಾರಗಳು ಮಾತ್ರ. ದಾರಿಯಲ್ಲಿ ಕಂಡ ನಾಲ್ಕು ನೋಟಗಳ ಕತೆ ಮಹಾಪದಾನ ಸುತ್ತದಲ್ಲಿ ವಿಪಸ್ಸಿ ಎಂಬ ಹಿಂದಿನ ಬುದ್ಧನದು. ಮುಂದೆ ಅದು ಗೌತಮನ ಕತೆಯಾಯಿತು. ಅಶ್ವಘೋಷನ ‘ಬುದ್ಧಚರಿತ’ ಅದಕ್ಕೆ ಕಾವ್ಯದ ಮೆರುಗು ಕೊಟ್ಟಿತು. ಇಪ್ಪತ್ತೆಂಟು ಸರ್ಗಗಳ ಆ ಕಾವ್ಯದ ಅರ್ಧದಷ್ಟು ಮಾತ್ರ ಸಂಸ್ಕೃತದಲ್ಲಿ ಉಳಿದಿದೆ. ಪೂರ್ಣ ರೂಪ ಚೀನೀ ಹಾಗೂ ಟಿಬೆಟನ್ ಅನುವಾದಗಳಲ್ಲಿದೆ.

ಕನ್ನಡದ ಹಿರಿಯರೂ ತಮ್ಮ ತಮ್ಮ ಬುದ್ಧನನ್ನು ಕಂಡರು. ಕುವೆಂಪು ‘ಮಹಾರಾತ್ರಿ’ ನಾಟಕದಲ್ಲಿ ಮನೆ ಬಿಟ್ಟ ಆ ಇರುಳನ್ನು ಆರಿಸಿಕೊಂಡರು. ಮಾಸ್ತಿಯವರ ‘ಯಶೋಧರಾ’ ಮನೆಯಲ್ಲಿ ಉಳಿದವಳ ಕಡೆಗೆ ತಿರುಗಿತು. ಇಲ್ಲಿಗೆ ದೂರವಲ್ಲದ ಮಂಜೇಶ್ವರದ ಗೋವಿಂದ ಪೈಗಳು ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಹಾಡಿದರು. ಒಬ್ಬರಿಗೆ ಹೊರಡುವಿಕೆ, ಒಬ್ಬರಿಗೆ ಅಗಲಿಕೆ, ಇನ್ನೊಬ್ಬರಿಗೆ ಅಂತ್ಯ ದೊಡ್ಡದಾಯಿತು.

ರೋಹಿಣಿಯ ಜಗಳಕ್ಕೆ ಹೊಸ ಅರ್ಥ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಗೋವೆಯ ಧರ್ಮಾನಂದ ಕೋಸಂಬಿಯವರು ಶಾಕ್ಯ–ಕೋಲಿಯರ ಕಲಹವನ್ನು ಗೃಹತ್ಯಾಗದ ಹಿನ್ನೆಲೆಯಾಗಿ ಕಂಡರು. 1957ರಲ್ಲಿ, ಅಂಬೇಡ್ಕರರ ನಿಧನದ ಬಳಿಕ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಸಿದ್ಧಾರ್ಥ ನೀರಿಗಾಗಿ ಯುದ್ಧ ಬೇಡವೆಂದು ಶಾಕ್ಯರ ಸಂಘದಲ್ಲಿ ವಾದಿಸಿ, ಸೋತು, ಊರು ಬಿಡುತ್ತಾನೆ. ವ್ಯಾಖ್ಯಾನಕಾರರು ಬುದ್ಧನಾದ ಮೇಲೆ ನಡೆಯಿತೆಂದ ಘಟನೆ ಇಲ್ಲಿ ಮನೆ ಬಿಡಲು ಕಾರಣವೇ ಆಯಿತು! ನದಿ ಅದೇ, ಜಗಳ ಅದೇ. ಹೇಳುವವನ ಕಾಲ ಬದಲಾಗಿದೆ.

ಇದು ಮೋಸವೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಪುತ್ತೂರಿನ ಸಮೀಪದ ಪಡುಮಲೆ ಮತ್ತು ಸುಳ್ಯ–ಕಡಬ ಕಡೆಯ ಎಣ್ಮೂರು ಕೋಟಿ–ಚೆನ್ನಯರ ನೆಲ. ಅವರ ಬದುಕು ಮೊದಲು ಇದ್ದದ್ದು ತುಳು ಪಾಡ್ದನದಲ್ಲಿ. ಹಾಡುವವರ ಬಾಯಲ್ಲಿ ಪಾಠ ಅಷ್ಟಿಷ್ಟು ಬದಲಾಯಿತು. ಪಂಜೆ ಮಂಗೇಶರಾಯರು ಅದನ್ನು ಕನ್ನಡ ಗದ್ಯಕ್ಕೆ ತಂದರು. ನಾಟಕ, ಯಕ್ಷಗಾನಗಳೂ ಬಂದವು. ಹೇಳುವ ರೀತಿ ಬೇರೆಯಾಯಿತೆಂದು ಗರಡಿಗೆ ಕೈಮುಗಿಯುವವರು ಕಡಿಮೆಯಾಗಲಿಲ್ಲ. ಆದರೆ ಯಾವುದು ಹಳೆಯ ಪಾಠ, ಯಾವುದು ಹೊಸ ಸೇರ್ಪಡೆ ಎಂದು ತಿಳಿದವನಿಗೆ ಕತೆಯ ರುಚಿ ಹೆಚ್ಚು.

ಕುಮಾರಪರ್ವತದಲ್ಲಿ ಹುಟ್ಟಿದ ಕುಮಾರಧಾರೆ ಸುಬ್ರಹ್ಮಣ್ಯವನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನಾಗನಿಗೆ ನಡೆದುಕೊಳ್ಳುವ ಈ ದಾರಿಯಲ್ಲಿ ಮಕ್ಕಳಿಗೆ ಮುಚಲಿಂದನ ಕತೆ ಹೇಳಬಹುದು. ಜ್ಞಾನೋದಯದ ಬಳಿಕ ಅಕಾಲದ ಮಳೆ ಸುರಿದಾಗ ನಾಗರಾಜ ಹೆಡೆ ಬಿಚ್ಚಿ ಬುದ್ಧನನ್ನು ಕಾಪಾಡಿದನಂತೆ. ಬಿಡುವಿದ್ದವರು ಮಂಗಳೂರಿನ ಕದ್ರಿಗೂ ಹೋಗಬಹುದು. ಅಲ್ಲಿಯ ಲೋಕೇಶ್ವರ ಕಂಚಿನ ಮೂರ್ತಿಯ ಪೀಠದಲ್ಲಿ ಅಳುಪ ದೊರೆ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ತುಳುನಾಡಿನಲ್ಲಿ ಬೌದ್ಧ ಹೆಜ್ಜೆಯನ್ನು ಹುಡುಕುವವರು ಮೊದಲು ನೋಡುವುದು ಅದನ್ನೇ.

ಹಿಂತಿರುಗುವಾಗ ಪುತ್ತೂರಿನ ಬಾಲವನದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಜಾಗ ಅದು. ನಂಬಿಕೆಗಳು ಕಾಲದಿಂದ ಕಾಲಕ್ಕೆ ಹೇಗೆ ರೂಪ ಪಡೆಯುತ್ತವೆಂದು ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಒಬ್ಬ ಮುದುಕಿಯ ಬಾಯಿಂದ ಕೇಳಿಸಿದವರು ಅವರು. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದವರೂ ಅವರೇ. ಪ್ರಶ್ನೆ ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ತಾಣ ಈ ಸೀಮೆಯಲ್ಲಿ ಸಿಗುವುದು ಕಷ್ಟ.

ಬುದ್ಧ ಯಾಕೆ ಮನೆ ಬಿಟ್ಟ ಎಂದು ಮಗು ಕೇಳಿದರೆ ಒಂದೇ ಉತ್ತರ ಕೊಟ್ಟು ಮುಗಿಸುವ ಅವಸರ ಬೇಡ. ಸುತ್ತ ಹೀಗೆ ಹೇಳುತ್ತದೆ, ಅಶ್ವಘೋಷ ಹೀಗೆ ಬರೆದ, ಅಂಬೇಡ್ಕರ್ ಹೀಗೆ ಕಂಡರು ಎಂದು ಹೇಳಿದರೆ ಸಾಕು. ಮೂರನ್ನೂ ತೂಗಿ ನೋಡುವ ಕೆಲಸವನ್ನು ಮಗುವೇ ಮಾಡಲಿ.